ಇಂಗ್ಲಿಷ್ ಮೌಖಿಕ ಪರೀಕ್ಷೆ: ಮೊದಲು ಕಿವಿ, ಆಮೇಲೆ ಬಾಯಿ

ಪ್ರೈಮರಿ ಮಕ್ಕಳು ಇಂಗ್ಲಿಷ್ ಮೌಖಿಕ ಪರೀಕ್ಷೆಯಲ್ಲಿ ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಉತ್ತರ ಬಾರದೆ ಅಲ್ಲ, ಪ್ರಶ್ನೆ ಕಿವಿಗೆ ಬೀಳದೆ. 'ವಾಟ್ ಈಸ್ ಯುವರ್ ಫಾದರ್ಸ್ ನೇಮ್?' ಎಂದು ಕೇಳಿದರೆ ಅಪ್ಪನ ಹೆಸರು ಹೇಳುವ ಮಗು 'ವಾಟ್ ಡಸ್ ಯುವರ್ ಫಾದರ್ ಡೂ?' ಎಂದಾಗಲೂ ಅಪ್ಪನ ಹೆಸರನ್ನೇ ಹೇಳುತ್ತದೆ. ಅದಕ್ಕೆ ಕೇಳಿಸಿದ್ದು 'ಫಾದರ್' ಎಂಬ ಒಂದೇ ಪದ. ಮನೆಯಲ್ಲಿ ಇಪ್ಪತ್ತು ಪ್ರಶ್ನೋತ್ತರ ಉರು ಹೊಡೆಸಿದ್ದರೂ ಹೀಗಾಗುತ್ತದೆ. ಉರು ಹೊಡೆದ ಮಗುವಿಗೆ ಪ್ರಶ್ನೆಗಳ ಸರದಿ ನೆನಪಿರುತ್ತದೆ, ಪ್ರಶ್ನೆ ನೆನಪಿರುವುದಿಲ್ಲ. ಟೀಚರ್ ಐದನೆಯದನ್ನು ಮೊದಲು ಕೇಳಿದರೆ ಸರದಿ ತಪ್ಪಿತು, ಮಗು ಸುಮ್ಮನಾಯಿತು.

ಆದ್ದರಿಂದ ತಯಾರಿ ಉತ್ತರದಿಂದ ಶುರುವಾಗಬಾರದು, ಪ್ರಶ್ನೆಯಿಂದ ಶುರುವಾಗಬೇಕು. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ, ಹೊಸನಗರದ ಕಡೆ ಕನ್ನಡ ಮಾಧ್ಯಮದಲ್ಲಿ ಓದುವ ಒಂದರಿಂದ ಐದನೇ ತರಗತಿಯ ಮಕ್ಕಳ ಮನೆಯವರಿಗಾಗಿ, ಸಂಜೆ ಹೊತ್ತು ಅವರನ್ನು ಕೂರಿಸಿಕೊಂಡು ಹೇಳಿಕೊಡುವ ಅಕ್ಕ-ಅಣ್ಣಂದಿರಿಗಾಗಿ ಇದನ್ನು ಬರೆದಿದ್ದೇನೆ. ಇಂಗ್ಲಿಷ್ ಬಾರದ ಅಪ್ಪ-ಅಮ್ಮಂದಿರೂ ಮಾಡಬಹುದಾದ ಕೆಲಸ ಇದರಲ್ಲಿ ಅರ್ಧಕ್ಕಿಂತ ಹೆಚ್ಚಿದೆ.

ನಮ್ಮ ರಾಜ್ಯದ ಸರ್ಕಾರಿ ಶಾಲೆಗಳಲ್ಲಿ 2007-08ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಒಂದು ಭಾಷೆಯಾಗಿ ಬಂದಿದೆ. ಮೊದಲ ಸಂಕಲನಾತ್ಮಕ ಮೌಲ್ಯಮಾಪನ, ಅಂದರೆ ಅರ್ಧವರ್ಷದ ದೊಡ್ಡ ಪರೀಕ್ಷೆ, ದಸರಾ ರಜೆಯ ಆಸುಪಾಸಿನಲ್ಲಿ, ಎರಡನೆಯದು ಮಾರ್ಚ್ ಹೊತ್ತಿಗೆ. 50 ಅಂಕದ ಪರೀಕ್ಷೆಯಾದರೆ 40 ಬರವಣಿಗೆಗೆ, 10 ಮೌಖಿಕಕ್ಕೆ ಎಂಬ ಹಂಚಿಕೆ ಹೆಚ್ಚಾಗಿ ಕಾಣುತ್ತದೆ. ನಡುವಿನ ಸಣ್ಣ ಪರೀಕ್ಷೆಗಳಾದ ರೂಪಣಾತ್ಮಕ ಮೌಲ್ಯಮಾಪನಗಳಲ್ಲಿಯೂ ಬಾಯಿಮಾತಿನ ಚಟುವಟಿಕೆ ಇರುತ್ತದೆ. ಮೌಖಿಕದಲ್ಲಿ ಬರುವುದು ಸಾಮಾನ್ಯವಾಗಿ ಐದು ಬಗೆ: ತನ್ನ ಪರಿಚಯ, ಸಣ್ಣ ಪ್ರಶ್ನೋತ್ತರ, ರೈಮ್ ಅಥವಾ ಪದ್ಯ, ಪಾಠದ ನಾಲ್ಕು ಸಾಲು ಗಟ್ಟಿಯಾಗಿ ಓದುವುದು, ಚಿತ್ರ ನೋಡಿ ಹೇಳುವುದು. ಒಂದು, ಎರಡನೇ ತರಗತಿಗೆ 'ಟಚ್ ಯುವರ್ ನೋಸ್', 'ಓಪನ್ ದ ಡೋರ್' ಥರ ಹೇಳಿದ್ದನ್ನು ಮಾಡಿ ತೋರಿಸುವುದೂ ಇರುತ್ತದೆ. ನಿಮ್ಮ ಮಗುವಿನ ತರಗತಿಯಲ್ಲಿ ಇವುಗಳಲ್ಲಿ ಯಾವುದಕ್ಕೆ ಎಷ್ಟು ಅಂಕ ಎಂದು ಟೀಚರನ್ನು ಮೊದಲೇ ಕೇಳಿಕೊಳ್ಳಿ. ಓದುವುದಕ್ಕೆ ಐದು ಅಂಕ ಇರುವ ಕಡೆ ಹದಿನೈದು ದಿನ ರೈಮ್ ಹೇಳಿಸಿ ಪ್ರಯೋಜನವಿಲ್ಲ. ಒಂದು ಮಗುವಿಗೆ ಸಿಗುವುದು ಮೂರೋ ನಾಲ್ಕೋ ನಿಮಿಷ, ಅದೂ ತರಗತಿಯ ಗಲಾಟೆಯ ನಡುವೆ.

ಕಿವಿಯ ಅಭ್ಯಾಸ

ಮೂವತ್ತು ಪ್ರಶ್ನೆ ಬರೆದಿಟ್ಟುಕೊಳ್ಳಿ. ಹಳೆಯ ಲಗ್ನಪತ್ರಿಕೆಗಳ ಹಿಂಬದಿ ಖಾಲಿ ಇರುತ್ತದಲ್ಲ, ಅದನ್ನು ನಾಲ್ಕು ತುಂಡು ಮಾಡಿದರೆ ಗಟ್ಟಿ ಚೀಟಿ ಆಗುತ್ತದೆ. ಒಂದು ಚೀಟಿಗೆ ಒಂದು ಪ್ರಶ್ನೆ. ದಿನಾ ಕಲೆಸಿ ಎಂಟು ತೆಗೆಯಿರಿ. ಮೊದಲ ವಾರ ಇಂಗ್ಲಿಷಿನಲ್ಲಿ ಉತ್ತರ ಬೇಡವೇ ಬೇಡ. ನೀವು ಪ್ರಶ್ನೆ ಓದಿ, ಮಗು ಕನ್ನಡದಲ್ಲಿ ಒಂದೇ ಮಾತು ಹೇಳಲಿ: ಕೇಳಿದ್ದು ಜಾಗವೋ, ಹೊತ್ತೋ, ಮನುಷ್ಯರೋ, ವಸ್ತುವೋ, ಎಣಿಕೆಯೋ, ಹೇಗೆ ಎಂಬುದೋ. 'ವೇರ್ ಡು ಯು ಲಿವ್?' ಜಾಗ. 'ವೆನ್ ಡು ಯು ಗೆಟ್ ಅಪ್?' ಹೊತ್ತು. 'ಹೂ ಈಸ್ ಯುವರ್ ಫ್ರೆಂಡ್?' ಮನುಷ್ಯರು. 'ಹೌ ಮೆನಿ ಬ್ರದರ್ಸ್ ಡು ಯು ಹ್ಯಾವ್?' ಎಣಿಕೆ. ದಿನಕ್ಕೆ ಐದು ನಿಮಿಷ ಸಾಕು. ಒಂದು ವಾರದಲ್ಲಿ ಪ್ರಶ್ನೆಯ ಮೊದಲ ಪದ ಹಿಡಿಯುವುದು ಮಗುವಿಗೆ ರೂಢಿಯಾಗುತ್ತದೆ. ಕನ್ನಡದಲ್ಲಿ 'ನೀನು ಎಲ್ಲಿ ಇರ್ತೀಯ' ಎನ್ನುವಾಗ ಎಲ್ಲಿ ಎಂಬುದು ವಾಕ್ಯದ ನಡುವೆ ಬರುತ್ತದೆ. ಇಂಗ್ಲಿಷಿನಲ್ಲಿ ಅದು ಮೊಟ್ಟಮೊದಲು ಬಂದುಬಿಡುತ್ತದೆ. ಮಗು ಕಿವಿ ತೆರೆಯುವಷ್ಟರಲ್ಲಿ ಆ ಪದ ದಾಟಿಹೋಗಿರುತ್ತದೆ, ಅದಕ್ಕೇ ಇದನ್ನು ಬೇರೆಯಾಗಿ ಅಭ್ಯಾಸ ಮಾಡಿಸಬೇಕು.

'ಹೌ'ದಿಂದ ಶುರುವಾಗುವ ಪ್ರಶ್ನೆಗಳು ಬಹಳ ಮೋಸ ಮಾಡುತ್ತವೆ. 'ಹೌ ಆರ್ ಯು?', 'ಹೌ ಓಲ್ಡ್ ಆರ್ ಯು?', 'ಹೌ ಡು ಯು ಕಮ್ ಟು ಸ್ಕೂಲ್?', 'ಹೌ ಮೆನಿ?' ಈ ನಾಲ್ಕನ್ನು ಒಂದರ ಹಿಂದೆ ಒಂದು ಕೇಳಿ ನೋಡಿ. ವಯಸ್ಸು ಕೇಳಿದಾಗ 'ಐ ಆಮ್ ಫೈನ್' ಎನ್ನುವ ಮಕ್ಕಳು ಪ್ರತಿ ತರಗತಿಯಲ್ಲೂ ಇದ್ದಾರೆ. ಹಾಗೆಯೇ 'ವಾಟ್ ಈಸ್ ಯುವರ್ ಫಾದರ್?' ಮತ್ತು 'ವಾಟ್ ಡಸ್ ಯುವರ್ ಫಾದರ್ ಡೂ?' ಎರಡೂ ಕೇಳುವುದು ಕೆಲಸವನ್ನೇ, ಹೆಸರನ್ನಲ್ಲ. ಈ ಗುಂಪುಗಳನ್ನು ಒಟ್ಟಿಗೆ ಇಟ್ಟು ಹೇಳಿಕೊಟ್ಟರೆ ವ್ಯತ್ಯಾಸ ಕಿವಿಗೆ ಗೊತ್ತಾಗುತ್ತದೆ, ಬಿಡಿಬಿಡಿಯಾಗಿ ಕಲಿತರೆ ಗೊತ್ತಾಗುವುದಿಲ್ಲ.

ಒಂದೇ ಸಂಗತಿಯನ್ನು ಮೂರು ರೀತಿಯಲ್ಲಿ ಕೇಳುವುದು ಎರಡನೇ ಹಂತ. 'ವೇರ್ ಡು ಯು ಲಿವ್?', 'ವೇರ್ ಆರ್ ಯು ಫ್ರಮ್?', 'ವಿಚ್ ಈಸ್ ಯುವರ್ ವಿಲೇಜ್?' ಮೂರಕ್ಕೂ ಉತ್ತರ ಊರಿನ ಹೆಸರೇ. 'ಟೆಲ್ ಮಿ ಯುವರ್ ನೇಮ್' ಎಂದರೂ ಹೆಸರೇ, 'ಯುವರ್ ನೇಮ್ ಪ್ಲೀಸ್' ಎಂದರೂ ಹೆಸರೇ. ಟೀಚರ್ ಪುಸ್ತಕದಲ್ಲಿದ್ದಂತೆಯೇ ಕೇಳುತ್ತಾರೆಂಬ ಖಾತ್ರಿ ಇಲ್ಲ, ಮಾತಿನ ಓಟದಲ್ಲಿ 'ವಾಟ್ಸ್ಯುವರ್‌ನೇಮ್' ಎಂದು ಒಟ್ಟಿಗೆ ಬಂದುಬಿಡುವುದೂ ಉಂಟು. ಆದ್ದರಿಂದ ಬಿಡಿಸಿ ಬಿಡಿಸಿ, ನಿಧಾನವಾಗಿ ಕೇಳುವ ಅಭ್ಯಾಸ ಎರಡು ದಿನಕ್ಕೆ ಸಾಕು. ಮೂರನೇ ದಿನದಿಂದ ಸಹಜ ವೇಗದಲ್ಲಿ ಕೇಳಿ.

ಪ್ರಶ್ನೆ ಕೇಳುವವರ ದನಿಯನ್ನೂ ಬದಲಾಯಿಸಬೇಕು. ದಿನಾ ಅಮ್ಮನೇ ಕೇಳಿದರೆ ಮಗು ಅಮ್ಮನ ತುಟಿ ನೋಡಿ ಉತ್ತರ ಹೇಳುವುದನ್ನು ಕಲಿಯುತ್ತದೆ. ಪಿಯುಸಿ ಓದುವ ಅಕ್ಕ, ಪಕ್ಕದ ಮನೆಯ ಅಣ್ಣ, ಊರಿಗೆ ಬಂದ ಚಿಕ್ಕಮ್ಮ ಎಲ್ಲರೂ ಒಂದೊಂದು ಸಲ ಕೇಳಲಿ. ಇಂಗ್ಲಿಷ್ ಬಲ್ಲ ನೆಂಟರೊಬ್ಬರಿಂದ ಮೂವತ್ತೂ ಪ್ರಶ್ನೆಗಳನ್ನು ವಾಟ್ಸಾಪಿನಲ್ಲಿ ದನಿ ಮಾಡಿ ಕಳಿಸಿಕೊಂಡರೆ ಇಂಗ್ಲಿಷ್ ಓದಲು ಬಾರದ ಮನೆಯಲ್ಲೂ ಅಭ್ಯಾಸ ನಡೆಯುತ್ತದೆ. ಪ್ರತಿ ಪ್ರಶ್ನೆಯ ನಂತರ ಹತ್ತು ಸೆಕೆಂಡು ಬಿಟ್ಟು ಮುಂದಿನದನ್ನು ಹೇಳಲು ಅವರಿಗೆ ತಿಳಿಸಿ. ಇಲ್ಲವಾದರೆ ಒಂದೊಂದು ಪ್ರಶ್ನೆಗೂ ನಿಲ್ಲಿಸು, ಒತ್ತು ಎನ್ನುವುದರಲ್ಲೇ ಹೊತ್ತು ಹೋಗುತ್ತದೆ.

ಮಲೆನಾಡಿನ ಶಾಲೆಗಳಲ್ಲಿ ಇನ್ನೊಂದು ತೊಡಕಿದೆ. ಮಳೆಗಾಲದಲ್ಲಿ ಹೆಂಚಿನ ಮೇಲೆ, ತಗಡಿನ ಮೇಲೆ ಬೀಳುವ ಮಳೆಯ ಸದ್ದಿಗೆ ಎದುರು ಕೂತವರ ಮಾತೂ ಸರಿಯಾಗಿ ಕೇಳಿಸುವುದಿಲ್ಲ. ಮಗುವಿಗೆ ಪ್ರಶ್ನೆ ನಿಜವಾಗಿಯೂ ಕೇಳಿಸಿರುವುದಿಲ್ಲ, ಆದರೆ ಮತ್ತೆ ಕೇಳಲು ಹೆದರಿಕೆ. 'ಪಾರ್ಡನ್, ಮಿಸ್?' ಅಥವಾ 'ಪ್ಲೀಸ್ ಸೇ ಇಟ್ ಅಗೇನ್, ಮಿಸ್' ಎಂಬ ಒಂದು ವಾಕ್ಯ ನಾಲಿಗೆಯ ತುದಿಯಲ್ಲಿರಬೇಕು. ಎಲ್ಲಕ್ಕಿಂತ ಮೊದಲು ಕಲಿಸಬೇಕಾದ ಇಂಗ್ಲಿಷ್ ವಾಕ್ಯ ಇದು ಎಂಬುದು ನನ್ನ ಖಚಿತ ಅಭಿಪ್ರಾಯ. ಇಂಗ್ಲಿಷಿನಲ್ಲಿ ಮರುಪ್ರಶ್ನೆ ಕೇಳುವ ಮಗುವನ್ನು ಟೀಚರ್ ಮೆಚ್ಚುತ್ತಾರೆ, ಮೌನವಾಗಿ ನೆಲ ನೋಡುವ ಮಗುವಿಗೆ ಅವರು ಏನೂ ಕೊಡಲಾರರು. ಮನೆಯಲ್ಲಿ ಬೇಕೆಂದೇ ಒಂದು ಪ್ರಶ್ನೆಯನ್ನು ತೀರಾ ಮೆಲ್ಲಗೆ ಕೇಳಿ, ಮಗು ತಾನಾಗಿ 'ಪಾರ್ಡನ್' ಎನ್ನುವವರೆಗೆ ಸುಮ್ಮನೆ ಕಾಯಿರಿ.

ವಾಕ್ಯ ಕಟ್ಟುವಾಗ ಎಲ್ಲಿ ಎಡವುತ್ತಾರೆ

ತಪ್ಪುಗಳನ್ನು ಒಂದೊಂದಾಗಿ ತಿದ್ದುತ್ತಾ ಹೋದರೆ ಮುಗಿಯುವುದಿಲ್ಲ. ಅವು ಹುಟ್ಟುವ ಜಾಗ ಮೂರು ನಾಲ್ಕು ಮಾತ್ರ, ಅಲ್ಲಿಗೇ ಕೈ ಹಾಕಬೇಕು.

ಮೊದಲನೆಯದು 'ಈಸ್' ಬಿಟ್ಟುಹೋಗುವುದು. 'ಇದು ಮರ', 'ಅಪ್ಪ ರೈತರು' ಎಂದರೆ ಕನ್ನಡದಲ್ಲಿ ವಾಕ್ಯ ಪೂರ್ತಿಯಾಯಿತು, ಅಲ್ಲಿ ಕ್ರಿಯಾಪದ ಬೇಕಿಲ್ಲ. ಅದೇ ಅಚ್ಚಿನಲ್ಲಿ 'ದಿಸ್ ಟ್ರೀ', 'ಮೈ ಫಾದರ್ ಫಾರ್ಮರ್' ಬರುತ್ತದೆ. 'ಎ' ಎಂಬುದೂ ಕನ್ನಡದಲ್ಲಿಲ್ಲ. ಎರಡನ್ನೂ ಬೇರೆ ಬೇರೆ ಕಲಿಸುವ ಬದಲು 'ಈಸ್-ಎ' ಎಂದು ಒಂದೇ ತುಂಡಾಗಿ ಬಾಯಿಗೆ ಕೂರಿಸಿ. ಅಡುಗೆಮನೆ, ಜಗಲಿ, ಅಂಗಳದಲ್ಲಿ ಹತ್ತು ವಸ್ತು ಮುಟ್ಟಿಸಿ: ದಿಸ್ ಈಸ್ ಎ ಡೋರ್, ದಿಸ್ ಈಸ್ ಎ ಪಾಟ್, ದಿಸ್ ಈಸ್ ಎ ಕೌ. 'ಈಸ್-ಎ' ಬಂದಾಗ ತೊಡೆಗೆ ಒಂದು ತಟ್ಟು. ಮೂರು ನಾಲ್ಕು ದಿನ ಹೀಗೆ ತಟ್ಟಿದರೆ ಅದು ಬಿಟ್ಟುಹೋಗುವುದು ಬಹಳ ಕಡಿಮೆಯಾಗುತ್ತದೆ. ಛತ್ರಿ, ಮೊಟ್ಟೆ, ಆನೆಯಂಥವಕ್ಕೆ ಮಾತ್ರ 'ಆ್ಯನ್' ಎಂದು ಬೇರೆಯಾಗಿ ಹೇಳಿಸಿ: ಆ್ಯನ್ ಅಂಬ್ರೆಲಾ, ಆ್ಯನ್ ಎಗ್, ಆ್ಯನ್ ಎಲಿಫೆಂಟ್. ನಿಯಮ ವಿವರಿಸುವ ಗೊಡವೆ ಈ ವಯಸ್ಸಿಗೆ ಬೇಡ.

ಎರಡನೆಯದು 'ನನಗೆ'. ನನಗೆ ಒಂಬತ್ತು ವರ್ಷ, ನನಗೆ ಒಬ್ಬ ಅಣ್ಣ ಇದ್ದಾನೆ, ನನಗೆ ಹಲಸಿನ ಹಣ್ಣು ಇಷ್ಟ, ನನಗೆ ಹಸಿವಾಗಿದೆ. ಕನ್ನಡದಲ್ಲಿ ನಾಲ್ಕೂ ಒಂದೇ ಥರ ಶುರುವಾಗುತ್ತವೆ. ಇಂಗ್ಲಿಷಿನಲ್ಲಿ 'ಐ ಆಮ್ ನೈನ್ ಇಯರ್ಸ್ ಓಲ್ಡ್', 'ಐ ಹ್ಯಾವ್ ಎ ಬ್ರದರ್', 'ಐ ಲೈಕ್ ಜಾಕ್‌ಫ್ರೂಟ್', 'ಐ ಆಮ್ ಹಂಗ್ರಿ' ಎಂದು ಮೂರು ದಾರಿಯಾಗುತ್ತದೆ. ಮಕ್ಕಳು 'ಟು ಮಿ ಒನ್ ಬ್ರದರ್' ಎನ್ನುವುದು ಇದರಿಂದಲೇ. ಇದಕ್ಕೆ ಒಳ್ಳೆಯ ಅಭ್ಯಾಸ, ಮೂರು ಚೌಕಟ್ಟು ಮಾತ್ರ ಕೊಟ್ಟು ಒಳಗಿನ ಪದ ಬದಲಾಯಿಸುವುದು. ಮನೆಯಲ್ಲಿರುವವರನ್ನು, ದನಕರುವನ್ನು, ಸೈಕಲನ್ನು 'ಐ ಹ್ಯಾವ್'ಗೆ. ತಿನ್ನುವುದನ್ನು, ಆಡುವುದನ್ನು 'ಐ ಲೈಕ್'ಗೆ. ವಯಸ್ಸು, ಹಸಿವು, ಖುಷಿಯನ್ನು 'ಐ ಆಮ್'ಗೆ. ಒಂದೊಂದಕ್ಕೆ ಐದೈದು ವಾಕ್ಯ.

ಮೂರನೆಯದು ಹೆಚ್ಚಿನವರ ಗಮನಕ್ಕೆ ಬರುವುದಿಲ್ಲ. ಅಮ್ಮನ ಬಗ್ಗೆ ಹೇಳುವಾಗ ಮಗು 'ಹಿ ಈಸ್ ಕುಕಿಂಗ್' ಎನ್ನುತ್ತದೆ, ಟೀಚರ ಬಗ್ಗೆ 'ದೇ ಆರ್ ಗುಡ್' ಎನ್ನುತ್ತದೆ. ಮಗುವಿಗೆ ಗಂಡು-ಹೆಣ್ಣು ಗೊತ್ತಿಲ್ಲ ಎಂದಲ್ಲ. ನಾವು ದೊಡ್ಡವರನ್ನು 'ಅವರು' ಎನ್ನುತ್ತೇವೆ, ಮೇಷ್ಟ್ರೂ ಬಂದರು, ಟೀಚರೂ ಬಂದರು. ಗೌರವದ ಮಾತಿನಲ್ಲಿ ಗಂಡು-ಹೆಣ್ಣಿನ ಗುರುತೇ ಇಲ್ಲ. ಹಾಗಾಗಿ ತಮ್ಮ-ತಂಗಿಯ ಬಗ್ಗೆ ಸರಿಯಾಗಿ 'ಹಿ', 'ಶಿ' ಹೇಳುವ ಮಗು ಅಜ್ಜ-ಅಜ್ಜಿಯ ವಿಷಯದಲ್ಲಿ ತಪ್ಪುತ್ತದೆ. ಅಜ್ಜಿ, ಅಮ್ಮ, ಟೀಚರ್: ಶಿ. ಅಜ್ಜ, ಅಪ್ಪ, ಮೇಷ್ಟ್ರು: ಹಿ. ಮನೆಯ ಫೋಟೋ ತೆಗೆದು ಬೆರಳಿಟ್ಟು ಹೇಳಿಸಿ. 'ಶಿ' ಎಂದರೆ ಅಜ್ಜಿಗೆ ಅಗೌರವವಲ್ಲ ಎಂದೂ ಮಗುವಿಗೆ ಹೇಳಬೇಕಾಗುತ್ತದೆ. ಕೆಲವು ಮಕ್ಕಳು ಅದಕ್ಕೇ ಹಿಂಜರಿಯುತ್ತವೆ.

'ಶಿ ಗೋಸ್', 'ಹಿ ವರ್ಕ್ಸ್' ಎಂಬಲ್ಲಿನ ಕೊನೆಯ 'ಸ್' ಬಿಟ್ಟುಹೋದರೆ ಮೂರನೇ ತರಗತಿಯವರೆಗೆ ತಲೆಕೆಡಿಸಿಕೊಳ್ಳಬೇಡಿ. ಕೇಳಿ ಕೇಳಿ ಬರುವಂಥದ್ದು ಅದು.

ಮಗು ತಪ್ಪು ಹೇಳಿದಾಗ ಅರ್ಧಕ್ಕೆ ತಡೆದು ತಿದ್ದುವುದು ದೊಡ್ಡವರು ಮಾಡುವ ಬಹು ದೊಡ್ಡ ಕೇಡು. ಎರಡು ಸಲ ಹಾಗೆ ತಡೆದರೆ ಮೂರನೇ ಸಲ ಮಗು ಬಾಯಿಯೇ ತೆರೆಯುವುದಿಲ್ಲ. ಬದಲಿಗೆ ಅದು ಹೇಳಿದ್ದನ್ನು ಸರಿಯಾದ ರೂಪದಲ್ಲಿ ನೀವು ಹೇಳಿ, ಇನ್ನೊಂದು ಪ್ರಶ್ನೆ ಸೇರಿಸಿ. 'ಮೈ ಫಾದರ್ ಗೋ ಗಾರ್ಡನ್' ಎಂದರೆ, 'ಓ, ಯುವರ್ ಫಾದರ್ ಗೋಸ್ ಟು ದ ಗಾರ್ಡನ್? ವೆನ್?' ಮಾತು ಮುಂದುವರಿಯಿತು, ಸರಿಯಾದ ರೂಪವೂ ಕಿವಿಗೆ ಬಿತ್ತು.

ಪರಿಚಯ ಆರೇ ವಾಕ್ಯ

ಪರಿಚಯವನ್ನು ಹದಿನೈದು ವಾಕ್ಯಕ್ಕೆ ಎಳೆಯುವ ಚಟ ಎಲ್ಲ ಕಡೆ ಇದೆ. ಉದ್ದವಾದಷ್ಟೂ ನಡುವೆ ಮರೆಯುವುದು ಹೆಚ್ಚು, ಮರೆತರೆ ಮೊದಲಿನಿಂದ ಶುರುಮಾಡುವುದು, ಅಷ್ಟರಲ್ಲಿ ನಿಮಿಷ ಮುಗಿಯಿತು. ಆರು ವಾಕ್ಯ ಸಾಕು: ಹೆಸರು, ವಯಸ್ಸು, ತರಗತಿ, ಊರು, ಮನೆಯವರಲ್ಲಿ ಒಬ್ಬರ ಕೆಲಸ, ಇಷ್ಟದ ಒಂದು ಸಂಗತಿ. 'ಐ ಸ್ಟಡಿ ಇನ್ ಫೋರ್ತ್ ಸ್ಟ್ಯಾಂಡರ್ಡ್. ಮೈ ವಿಲೇಜ್ ಈಸ್ ನಿಯರ್ ಸಾಗರ. ಮೈ ಫಾದರ್ ಈಸ್ ಎ ಫಾರ್ಮರ್. ವಿ ಹ್ಯಾವ್ ಆ್ಯನ್ ಅರೆಕಾ ಗಾರ್ಡನ್.' ಗೈಡಿನಲ್ಲಿರುವ 'ಮೈ ಫಾದರ್ ಈಸ್ ಎ ಡಾಕ್ಟರ್' ಎಂಬುದನ್ನು ತೋಟಕ್ಕೆ ಹೋಗುವ ಅಪ್ಪನ ಮಗುವಿನಿಂದ ಹೇಳಿಸಬೇಡಿ. ತನ್ನದಲ್ಲದ ಮಾತನ್ನು ಮಗು ಕಷ್ಟಪಟ್ಟು ನೆನಪಿಟ್ಟುಕೊಳ್ಳಬೇಕು, ಟೀಚರ್ ಅದರ ಮೇಲೆ ಒಂದು ಮರುಪ್ರಶ್ನೆ ಕೇಳಿದರೆ ಮುಂದೆ ದಾರಿಯಿಲ್ಲ. ಗದ್ದೆ ಪ್ಯಾಡಿ ಫೀಲ್ಡ್, ತೋಟ ಅರೆಕಾ ಗಾರ್ಡನ್, ಕಾಳುಮೆಣಸು ಪೆಪ್ಪರ್, ಕಾಡು ಫಾರೆಸ್ಟ್, ಹೊಳೆ ರಿವರ್, ಅಂಗಡಿ ಇಟ್ಟವರು ಶಾಪ್‌ಕೀಪರ್, ಬಸ್ ಓಡಿಸುವವರು ಬಸ್ ಡ್ರೈವರ್, ಕೂಲಿ ಕೆಲಸಕ್ಕೆ ಹೋಗುವವರು ವರ್ಕರ್, ಬಟ್ಟೆ ಹೊಲಿಯುವವರು ಟೈಲರ್. ಇಷ್ಟು ಪದ ಇದ್ದರೆ ನಮ್ಮ ಕಡೆಯ ಮುಕ್ಕಾಲು ಮನೆಗಳ ಮಾತು ಹೇಳಬಹುದು.

ಆರು ವಾಕ್ಯ ಬಂದ ಮೇಲೆ ಸರದಿ ಒಡೆಯಿರಿ. ನಾಲ್ಕನೆಯದು ಹೇಳು, ಈಗ ಒಂದನೆಯದು, ಈಗ ಆರನೆಯದು. ಯಾವ ಸರದಿಯಲ್ಲಿ ಕೇಳಿದರೂ ತಡವರಿಸದಿದ್ದರೆ ಪರಿಚಯ ಗಟ್ಟಿಯಾಯಿತು ಎಂದು ತಿಳಿಯಿರಿ.

ಓದುವುದು

ಪಾಠದ ಸಾಲನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಟ್ಟು ಓದಿಸುವುದು ರೂಢಿ. ದೊಡ್ಡವರು ಉಚ್ಚಾರ ತಿಳಿಯಲು ಹಾಗೆ ಬರೆದುಕೊಳ್ಳಲಿ, ಆದರೆ ಮಗುವಿನ ಕೈಗೆ ಅದನ್ನು ಕೊಡಬೇಡಿ. ಅದು ಓದುವುದು ಕನ್ನಡವನ್ನೇ, ಪರೀಕ್ಷೆಯ ದಿನ ಎದುರಿಗೆ ಬರುವುದು ಇಂಗ್ಲಿಷ್ ಅಕ್ಷರ. ಜತೆಗೆ ನಮ್ಮ ಲಿಪಿಯಲ್ಲಿ ಬರೆದದ್ದನ್ನು ಓದುವಾಗ 'ಫ್ಯಾನ್' ಎಂಬುದು 'ಪ್ಯಾನ್' ಆಗುತ್ತದೆ, 'ಝೂ' ಎಂಬುದು 'ಜೂ' ಆಗುತ್ತದೆ.

ಅಭ್ಯಾಸದ ಕ್ರಮ ಹೀಗಿರಲಿ. ದಿನಕ್ಕೆ ನಾಲ್ಕೇ ಸಾಲು. ಮೊದಲು ನೀವು ಅಥವಾ ಅಕ್ಕ ಓದಬೇಕು, ಮಗು ಬೆರಳಿಟ್ಟು ನೋಡಬೇಕು. ಎರಡನೇ ಸಲ ಇಬ್ಬರೂ ಒಟ್ಟಿಗೆ. ಮೂರನೇ ಸಲ ಮಗು ಒಂದೇ. ಎಡವಿದ ಪದದ ಕೆಳಗೆ ಪೆನ್ಸಿಲಿನಲ್ಲಿ ಸಣ್ಣ ಗೆರೆ, ಆ ಪದಗಳನ್ನು ಮಾತ್ರ ಮೂರು ಮೂರು ಸಲ ಹೇಳಿಸಿ, ಕೊನೆಗೆ ನಾಲ್ಕೂ ಸಾಲು ಒಂದು ಸಲ. ಆರೇಳು ನಿಮಿಷದ ಕೆಲಸ. ಒಂದೊಂದೇ ಪದ ಕುಟ್ಟುತ್ತಾ ಓದುವ ಮಗುವಿಗೆ ಎಲ್ಲಿ ಉಸಿರು ನಿಲ್ಲಿಸಬೇಕೆಂದು ಗೆರೆ ಹಾಕಿಕೊಡಿ: 'ದ ಓಲ್ಡ್ ಮ್ಯಾನ್ / ವೆಂಟ್ ಟು ದ ರಿವರ್ / ಇನ್ ದ ಮಾರ್ನಿಂಗ್.' ನಿಂತು ನಿಂತು ಓದಿದರೂ ನಿಲ್ಲುವ ಜಾಗ ಸರಿ ಇದ್ದರೆ ಅರ್ಥ ಗೊತ್ತಿದೆ ಎಂದು ಕೇಳುವವರಿಗೆ ತಿಳಿಯುತ್ತದೆ.

ಉಚ್ಚಾರದಲ್ಲಿ ಎಲ್ಲವನ್ನೂ ತಿದ್ದಲು ಹೋಗಬಾರದು. ತಿದ್ದಬೇಕಾದವು ಇವು. ಕನ್ನಡ ಪದಗಳು ಸ್ವರದಲ್ಲಿ ಮುಗಿಯುವುದರಿಂದ ಮಕ್ಕಳು 'ಬುಕ್ಕು', 'ಪೆನ್ನು', 'ಬಸ್ಸು' ಎನ್ನುತ್ತಾರೆ. ಕೊನೆಯ ವ್ಯಂಜನದ ಮೇಲೆ ತುಟಿ ಮುಚ್ಚಿ ಅಥವಾ ನಾಲಿಗೆ ಹಿಡಿದು ನಿಲ್ಲಿಸುವುದನ್ನು ತೋರಿಸಿ. ಪದದ ಮೊದಲಿಗೆ 'ಎ', 'ಒ' ಬಂದಾಗ 'ಯೆಗ್', 'ವೋಲ್ಡ್' ಆಗುತ್ತದೆ. ಬಾಯಿ ತೆರೆದಿಟ್ಟುಕೊಂಡೇ ಶುರುಮಾಡಲು ಹೇಳಿ. 'ಸ್ಕೂಲ್', 'ಸ್ಟಾರ್' ಮುಂದೆ 'ಇ' ಸೇರುತ್ತದೆ. ಹಾವಿನ ಹಾಗೆ 'ಸ್‌ಸ್‌ಸ್' ಎಂದು ಎಳೆದು ಆಮೇಲೆ 'ಕೂಲ್' ಎಂದರೆ ಸರಿಹೋಗುತ್ತದೆ. 'ಫ'ಗೆ ಮೇಲಿನ ಹಲ್ಲು ಕೆಳತುಟಿಗೆ ತಾಗಿ ಗಾಳಿ ಹೊರಡಬೇಕು, ಕನ್ನಡಿಯ ಮುಂದೆ ನಿಲ್ಲಿಸಿದರೆ ಎರಡು ದಿನದಲ್ಲಿ ಬರುತ್ತದೆ. 'ತ್ರೀ' ಮತ್ತು 'ಟ್ರೀ' ಬೇರೆ ಬೇರೆ ಕೇಳಿಸಬೇಕು; ನಮ್ಮ ತಕಾರ-ಟಕಾರದ ವ್ಯತ್ಯಾಸವೇ ಇದಕ್ಕೆ ಸಾಕು. 'ಥರ್ಟೀನ್' ಮತ್ತು 'ಥರ್ಟಿ', 'ಫಿಫ್ಟೀನ್' ಮತ್ತು 'ಫಿಫ್ಟಿ': ಹದಿಮೂರು, ಹದಿನೈದರಲ್ಲಿ ಕೊನೆಯನ್ನು ಎಳೆದು 'ನ್' ಕೇಳಿಸಬೇಕು. 'ಟ್ಯೂಸ್‌ಡೇ'-'ಥರ್ಸ್‌ಡೇ' ಅದಲುಬದಲು ಆಗುವುದು ಬಹಳ, ಅವೆರಡನ್ನೇ ಜೋಡಿಯಾಗಿ ಕೇಳಿ. ವಾರದ ನಡುವಿನ ದಿನವನ್ನು 'ವೆನ್ಸ್‌ಡೇ' ಎನ್ನಬೇಕು, ಸ್ಪೆಲಿಂಗಿನಲ್ಲಿ ಕಾಣುವ 'ಡ್' ಬಾಯಲ್ಲಿ ಬರುವುದಿಲ್ಲ.

ಇದರಾಚೆಗೆ ಟಿವಿಯಲ್ಲಿ ಕೇಳುವ ಹೊರದೇಶದ ಧಾಟಿ ಬೇಕಿಲ್ಲ. ಕೇಳುವ ಟೀಚರ್ ನಮ್ಮೂರಿನವರೇ, ನಮ್ಮ ಹಾಗೆಯೇ ಇಂಗ್ಲಿಷ್ ಮಾತಾಡುತ್ತಾರೆ.

ರೈಮಿನ ವಿಷಯ ಸಣ್ಣದು. ಎರಡು ರೈಮ್ ಪೂರ್ತಿ ಬರಲಿ, ಒಂದು ಮಗುವಿಗೆ ಇಷ್ಟದ್ದು, ಒಂದು ಈ ವರ್ಷದ ಪುಸ್ತಕದ್ದು. ಕೈಬಾಯಿ ಒಟ್ಟಿಗೆ ಆಡಲಿ. ಪದದ ಅರ್ಥ ಕೇಳಿದರೆ ನಾಲ್ಕೈದಕ್ಕಾದರೂ ಹೇಳುವಂತಿರಲಿ. ತರಗತಿಯಲ್ಲಿ ಎಲ್ಲರ ಜತೆ ಹಾಡುವ ಮಗು ಒಂಟಿಯಾಗಿ ಹಾಡಿದಾಗ ಎರಡನೇ ಸಾಲಿಗೇ ನಿಲ್ಲುವುದುಂಟು, ಮನೆಯಲ್ಲಿ ಒಂಟಿಯಾಗಿಯೇ ಹೇಳಿಸಿ.

ಚಿತ್ರ ನೋಡಿ ಹೇಳುವುದು

ಇದು ನಿಜಕ್ಕೂ ಮಾತು ಕಲಿಸುವ ಭಾಗ, ನನ್ನ ಮಟ್ಟಿಗೆ ಎಲ್ಲಕ್ಕಿಂತ ಬೆಲೆಯುಳ್ಳದ್ದು. ಚಿತ್ರಕ್ಕೆ ದುಡ್ಡು ಕೊಡಬೇಕಿಲ್ಲ. ಸೊಸೈಟಿ, ಗೊಬ್ಬರದಂಗಡಿ, ಬ್ಯಾಂಕು ಕೊಟ್ಟ ಹಳೆಯ ಕ್ಯಾಲೆಂಡರ್, ಪೇಪರಿನ ಬಣ್ಣದ ಪುಟ, ಪಠ್ಯಪುಸ್ತಕದ ಚಿತ್ರ ಸಾಕು. ಜನರಿರುವ, ಏನಾದರೂ ನಡೆಯುತ್ತಿರುವ ಚಿತ್ರ ಆರಿಸಿ. ಬರೀ ಜೋಗದ ಜಲಪಾತದ ಚಿತ್ರ ಕೊಟ್ಟರೆ 'ದಿಸ್ ಈಸ್ ಎ ವಾಟರ್‌ಫಾಲ್' ಎಂದ ಮೇಲೆ ಹೇಳಲು ಏನೂ ಉಳಿಯುವುದಿಲ್ಲ. ಸಕ್ರೆಬೈಲಿನಲ್ಲಿ ಮಾವುತರು ಆನೆಗೆ ಸ್ನಾನ ಮಾಡಿಸುವ ಚಿತ್ರವಾದರೆ ಹತ್ತು ವಾಕ್ಯ ಹುಟ್ಟುತ್ತದೆ.

ನಾಲ್ಕು ಮೆಟ್ಟಿಲು ಹತ್ತಿಸಿ. ಏನೇನಿದೆ: 'ದೇರ್ ಆರ್ ತ್ರೀ ಎಲಿಫೆಂಟ್ಸ್. ದೇರ್ ಈಸ್ ಎ ರಿವರ್.' ಎಲ್ಲಿದೆ: 'ದಿ ಎಲಿಫೆಂಟ್ಸ್ ಆರ್ ಇನ್ ದ ವಾಟರ್.' ಏನು ಮಾಡುತ್ತಿದೆ: 'ಎ ಮ್ಯಾನ್ ಈಸ್ ವಾಷಿಂಗ್ ದಿ ಎಲಿಫೆಂಟ್. ದ ಚಿಲ್ಡ್ರನ್ ಆರ್ ಲುಕಿಂಗ್.' ನಿನಗೇನನ್ನಿಸುತ್ತದೆ: 'ದ ಬೇಬಿ ಎಲಿಫೆಂಟ್ ಈಸ್ ಹ್ಯಾಪಿ. ಐ ಲೈಕ್ ಇಟ್.' ಎರಡನೇ ತರಗತಿಗೆ ಮೊದಲೆರಡು ಮೆಟ್ಟಿಲು ಸಾಕು, ನಾಲ್ಕು-ಐದನೆಯವರು ನಾಲ್ಕನ್ನೂ ಹತ್ತಲಿ. 'ಇನ್', 'ಆನ್', 'ಅಂಡರ್', 'ನಿಯರ್' ಈ ನಾಲ್ಕು ಪದ ತಿಳಿದಿರಬೇಕು. ಒಂದು ಲೋಟ, ಒಂದು ಗೋಲಿ ಇಟ್ಟುಕೊಂಡು ಕಲಿಸಿದರೆ ಹತ್ತು ನಿಮಿಷದ ಪಾಠ. ಇಲ್ಲಿಯೂ 'ಈಸ್' ಬಿಟ್ಟುಹೋಗಿ 'ಮ್ಯಾನ್ ವಾಷಿಂಗ್' ಆಗುತ್ತದೆ, ತೊಡೆ ತಟ್ಟುವ ಉಪಾಯ ಮತ್ತೆ ಬಳಸಿ.

ಕೇಂಬ್ರಿಜ್‌ನವರು ಮಕ್ಕಳಿಗೆಂದು ನಡೆಸುವ 'ಮೂವರ್ಸ್' ಪರೀಕ್ಷೆಯಲ್ಲಿ ಮಾತಿನ ಭಾಗ ಐದರಿಂದ ಏಳು ನಿಮಿಷ. ಎರಡು ಚಿತ್ರಗಳ ನಡುವೆ ವ್ಯತ್ಯಾಸ ಹೇಳಿಸುವುದು, ನಾಲ್ಕು ಚಿತ್ರದಲ್ಲಿ ಗುಂಪಿಗೆ ಸೇರದ ಒಂದನ್ನು ಆರಿಸಿ ಕಾರಣ ಹೇಳಿಸುವುದು ಅದರಲ್ಲಿವೆ. ನಮ್ಮ ಶಾಲೆಗಳಲ್ಲಿ ಇದನ್ನೇ ಕೇಳುವುದಿಲ್ಲ, ಆದರೆ ಮನೆಯ ಆಟಕ್ಕೆ ಎರಡೂ ಚೆನ್ನಾಗಿವೆ. ಹಸು, ಎಮ್ಮೆ, ನಾಯಿ, ಛತ್ರಿ: ಯಾವುದು ಬೇರೆ, ಯಾಕೆ? 'ಇಟ್ ಈಸ್ ನಾಟ್ ಆ್ಯನ್ ಆ್ಯನಿಮಲ್.' ಮಕ್ಕಳು ಕೆಲವೊಮ್ಮೆ ನಾವು ಎಣಿಸದ ಕಾರಣ ಕೊಡುತ್ತಾರೆ: ನಾಯಿಯೇ ಬೇರೆ, ಅದೊಂದೇ ಬೊಗಳುತ್ತದೆ. ಅದನ್ನೂ ಒಪ್ಪಬೇಕು, ಇಂಗ್ಲಿಷಿನಲ್ಲಿ ಹೇಳಲು ನೆರವಾಗಬೇಕು.

ಮೂರು ವಾರದ ಹಂಚಿಕೆ

ದಿನಕ್ಕೆ ಹದಿನೈದು ನಿಮಿಷ, ಅದಕ್ಕಿಂತ ಹೆಚ್ಚು ಬೇಡ. ಶಾಲೆಯಿಂದ ಬಂದು ಏನಾದರೂ ತಿಂದ ಮೇಲೆ ಒಳ್ಳೆಯ ಹೊತ್ತು. ಊಟವಾದ ಮೇಲೆ ತೂಕಡಿಸುವ ಮಗುವನ್ನು ಕೂರಿಸಿ ಫಲವಿಲ್ಲ. ಮೊದಲ ವಾರ ಪ್ರಶ್ನೆ ಕೇಳುವುದು ಮತ್ತು ಓದು. ಎರಡನೇ ವಾರ ಚೌಕಟ್ಟಿನ ವಾಕ್ಯ, ಚಿತ್ರ, ಓದು. ಮೂರನೇ ವಾರ ಎಲ್ಲ ಸೇರಿಸಿ ಅಣಕು ಪರೀಕ್ಷೆ. ಆಗುಂಬೆ, ಹುಲಿಕಲ್, ಮಾಸ್ತಿಕಟ್ಟೆ ಕಡೆ ಜುಲೈಯಲ್ಲಿ ಮಳೆಗೆ ರಜೆ ಸಿಗುವ ದಿನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ. ಕರೆಂಟ್ ಹೋದರೂ ನಿಲ್ಲುವ ಕೆಲಸವಲ್ಲ, ಕಿವಿ-ಬಾಯಿಗೆ ದೀಪ ಬೇಡ.

ಅಣಕು ಪರೀಕ್ಷೆಯನ್ನು ನಿಜದ ಹಾಗೇ ನಡೆಸಿ. ಮಗು ಹೊರಗಿನಿಂದ ಬರಬೇಕು, 'ಮೇ ಐ ಕಮ್ ಇನ್, ಮಿಸ್?' ಎನ್ನಬೇಕು, ಎದುರು ನಿಂತು ಮುಖ ನೋಡಿ 'ಗುಡ್ ಮಾರ್ನಿಂಗ್' ಹೇಳಬೇಕು. ತರಗತಿಯಲ್ಲಿ ಎಲ್ಲರೂ ರಾಗ ಎಳೆದು ಹೇಳುವ 'ಗು...ಡ್ ಮಾ...ರ್ನಿಂಗ್ ಟೀ...ಚರ್' ಒಬ್ಬರೇ ಹೇಳುವಾಗಲೂ ಬಂದುಬಿಡುತ್ತದೆ, ಅದನ್ನು ಬಿಡಿಸಿ. ಮಧ್ಯಾಹ್ನದ ಊಟದ ನಂತರವಾದರೆ 'ಗುಡ್ ಆಫ್ಟರ್‌ನೂನ್'. ಮುಗಿದಾಗ 'ಥ್ಯಾಂಕ್ ಯು, ಮಿಸ್'. ಪ್ರಶ್ನೆ ಕೇಳಿದ ಮೇಲೆ ಮನಸ್ಸಿನಲ್ಲೇ ಐದರವರೆಗೆ ಎಣಿಸಿ, ಅಷ್ಟರೊಳಗೆ ಉತ್ತರ ಹೇಳಿಕೊಡಬೇಡಿ. ಐದು ಸೆಕೆಂಡು ದೊಡ್ಡವರಿಗೆ ಉದ್ದ, ಎರಡು ಭಾಷೆಯ ನಡುವೆ ಓಡಾಡುವ ಮಗುವಿಗೆ ಅಷ್ಟು ಬೇಕೇ ಬೇಕು.

ಪಿಸುಮಾತಿನ ಮಗುವಿಗೆ ದನಿ ಏರಿಸು ಎಂದು ಗದರಿ ಪ್ರಯೋಜನವಿಲ್ಲ. ನೀವು ಅಂಗಳದ ಆ ತುದಿಗೆ ಹೋಗಿ ನಿಲ್ಲಿ, ಮಗು ಜಗಲಿಯಿಂದ ಉತ್ತರ ಹೇಳಲಿ. ದೂರ ಹತ್ತು ಹದಿನೈದು ಅಡಿ ಇದ್ದರೆ ದನಿ ತಾನಾಗಿ ಏರುತ್ತದೆ. ಒಂದೇ ಪದದಲ್ಲಿ ಉತ್ತರಿಸುವ ಮಗುವಿಗೆ ಪ್ರಶ್ನೆಯ ಪದಗಳನ್ನೇ ತಿರುಗಿಸಿ ಬಳಸುವುದನ್ನು ತೋರಿಸಿ: 'ವಾಟ್ ಈಸ್ ಯುವರ್ ಸ್ಕೂಲ್ಸ್ ನೇಮ್?' ಎಂದರೆ 'ಮೈ ಸ್ಕೂಲ್ಸ್ ನೇಮ್ ಈಸ್' ಎಂದು ಶುರು. 'ಡು ಯು ಲೈಕ್ ಮ್ಯಾಂಗೋ?' ಎಂದರೆ ಬರೀ 'ಎಸ್' ಅಲ್ಲ, 'ಎಸ್, ಐ ಡೂ'. ಉತ್ತರ ಗೊತ್ತಿಲ್ಲದಿದ್ದರೆ 'ಸಾರಿ ಮಿಸ್, ಐ ಡೋಂಟ್ ನೋ'. ಅದೂ ಒಂದು ಪೂರ್ತಿ ಇಂಗ್ಲಿಷ್ ವಾಕ್ಯವೇ, ಮುಂದಿನ ಪ್ರಶ್ನೆಗೆ ದಾರಿ ಬಿಡುತ್ತದೆ. ನಡುವೆ ಕನ್ನಡ ಪದ ಬಂದರೆ ಮಗು ಹೆದರಿ ನಿಲ್ಲಬಾರದು. 'ಐ ಸಾ ಎ ಇಂಬಳ' ಎಂದು ಮುಂದೆ ಹೋಗುವ ಮಗು ಪದಕ್ಕಾಗಿ ತಡಕಾಡಿ ಸುಮ್ಮನಾಗುವ ಮಗುವಿಗಿಂತ ಎಷ್ಟೋ ಮುಂದಿದೆ. ಇಂಬಳಕ್ಕೆ, ಅಂದರೆ ಜಿಗಣೆಗೆ, ಲೀಚ್ ಎಂಬ ಪದವನ್ನು ಆಮೇಲೆ ಹೇಳಿಕೊಟ್ಟರಾಯಿತು.

ಮನೆಯಲ್ಲಿ ಹವ್ಯಕ, ಕೊಂಕಣಿ, ತುಳು, ಉರ್ದು, ಲಂಬಾಣಿ ಮಾತಾಡುವ ಮಕ್ಕಳಿಗೆ ಕನ್ನಡವೇ ಶಾಲೆಯ ಭಾಷೆ, ಇಂಗ್ಲಿಷ್ ಅದರ ಮೇಲೆ ಇನ್ನೊಂದು. ಅಂಥವರಿಗೆ ಪ್ರಶ್ನೆಯ ಅರ್ಥವನ್ನು ಮನೆಯ ಮಾತಿನಲ್ಲೇ ಹೇಳಿ. ಕನ್ನಡದ ಮೂಲಕ ಸುತ್ತಿ ಬರುವ ಅಗತ್ಯವಿಲ್ಲ.

ಪರೀಕ್ಷೆಯ ಹಿಂದಿನ ದಿನ ಹೊಸದೇನನ್ನೂ ಕಲಿಸಬೇಡಿ. ಪರಿಚಯ ಒಂದು ಸಲ, ಗೊತ್ತಿರುವ ಎಂಟು ಪ್ರಶ್ನೆ, ಒಂದು ರೈಮ್, ಅಷ್ಟೆ. ಬೆಳಿಗ್ಗೆ ಬಸ್ಸಿಗೆ ಕಾಯುವಾಗ ಪ್ರಶ್ನೆ ಕೇಳುತ್ತಾ ನಿಲ್ಲುವುದೂ ಬೇಡ. ಸಂಜೆ ಬಂದ ಮೇಲೆ ಎಷ್ಟು ಅಂಕ ಎನ್ನುವುದಕ್ಕಿಂತ ಏನೇನು ಕೇಳಿದರು ಎಂದು ವಿಚಾರಿಸಿ. ಮಗು ನೆನಪಿನಿಂದ ಹೇಳುವ ಪ್ರಶ್ನೆಗಳನ್ನು ಅದೇ ದಿನ ಚೀಟಿಯಲ್ಲಿ ಬರೆದು ಹಳೆಯ ಚೀಟಿಗಳ ಜತೆ ಸೇರಿಸಿ, ತಡವರಿಸಿದವುಗಳಿಗೆ ಒಂದು ಗುರುತು ಹಾಕಿಡಿ. ಮಾರ್ಚಿನ ಪರೀಕ್ಷೆಗೆ ಕೂರಿಸುವಾಗ ಗುರುತು ಹಾಕಿದ ಚೀಟಿಗಳಿಂದಲೇ ಶುರುಮಾಡಬಹುದು.